ಕೂಡಲಿಯಲ್ಲಿ ಕೂಡುವ ಲೆಕ್ಕ

(ಶಿವಮೊಗ್ಗದಲ್ಲಿ ಮಳೆಗಾಲದ ಒಂದು ಶನಿವಾರ ಸಂಜೆ, ಎಳೆಯ ಮಕ್ಕಳ ಪೋಷಕರು ಮತ್ತು ಅಂಗನವಾಡಿ ಕಾರ್ಯಕರ್ತೆಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ.)

ನಮಸ್ಕಾರ. ಇಷ್ಟು ಮಳೆಯಲ್ಲೂ ಕೊಡೆ ಹಿಡಿದು ಬಂದಿದ್ದೀರಿ. ನಾನು ಸೋತ ಕಥೆಯಿಂದಲೇ ಶುರು ಮಾಡುತ್ತೇನೆ. ಇವತ್ತು ಹೇಳಬೇಕೆಂದಿರುವುದೆಲ್ಲ ಆ ಸೋಲಿನಿಂದಲೇ ಹುಟ್ಟಿದ್ದು.

ನಾನು ಮಕ್ಕಳ ಮನೆ ಎಂಬ ಎಳೆಯರ ಶಾಲೆ ತೆರೆದ ಮೊದಲ ವರ್ಷ. ಹಂಚಿನ ಬಾಡಿಗೆ ಮನೆ, ಉದ್ದನೆಯ ಜಗಲಿ, ಮೂರರಿಂದ ಆರು ವರ್ಷದೊಳಗಿನ ಹದಿನಾಲ್ಕು ಮಕ್ಕಳು. ಇಟಲಿಯ ಮರಿಯಾ ಮಾಂಟೆಸ್ಸರಿ ಎಳೆಯ ಮಕ್ಕಳಿಗಾಗಿ ರೂಪಿಸಿದ ಕಲಿಕೆಯ ಕ್ರಮದಲ್ಲಿ ನನ್ನ ತರಬೇತಿ. ಅದರಲ್ಲಿ ನನಗೆ ತುಂಬ ಹಿಡಿಸಿದ್ದು ಲೆಕ್ಕ ಕಲಿಸುವ ಚಿನ್ನದ ಮಣಿಗಳು. ಹೆಸರಿಗೆ ಚಿನ್ನ, ನಿಜಕ್ಕೆ ಗಾಜು ಅಥವಾ ಪ್ಲಾಸ್ಟಿಕ್ಕು. ಬೆಲೆ ಮಾತ್ರ ಹೆಸರಿಗೆ ತಕ್ಕಂತೆಯೇ ಇತ್ತು. ಕೈಯಲ್ಲಿ ದುಡ್ಡು ಕಡಿಮೆ, ತಲೆಯಲ್ಲಿ ಉತ್ಸಾಹ ಹೆಚ್ಚು. ಅಡಿಕೆಯ ನಾಡಿನಲ್ಲಿ ಕುಳಿತು ಮಣಿಗಾಗಿ ಪರದಾಡುವುದೇ ಎಂದು, ಪರಿಚಯದವರ ಮನೆಯಿಂದ ಸುಲಿದು ಬೇಯಿಸಿ ಒಣಗಿಸಿದ ಅಡಿಕೆ ತರಿಸಿದೆ. ಒಂದು ರಾತ್ರಿ ಪೂರ್ತಿ ಎಣಿಸಿದೆ. ಹತ್ತು ಅಡಿಕೆಗೆ ಒಂದು ಪೊಟ್ಟಣ, ಹತ್ತು ಪೊಟ್ಟಣಕ್ಕೆ ಒಂದು ಚೀಲ, ಹತ್ತು ಚೀಲಕ್ಕೆ ಒಂದು ಮೂಟೆ. ಸಾವಿರ ಸಿದ್ಧವಾಯಿತು.

ಮರುದಿನ ಐದು ವರ್ಷದ ಹುಡುಗನೊಬ್ಬನ ಮುಂದೆ ಮೂಟೆ ಬಿಚ್ಚಿ "ಇದು ಸಾವಿರ" ಎಂದೆ. ಅವನು ಒಂದು ಅಡಿಕೆಯನ್ನು ಎತ್ತಿ ಮೂಸಿದ, ಉಗುರಿನಿಂದ ಕೆರೆದ. "ಅಲ್ಲ, ಇದು ರಾಶಿ" ಎಂದ. ನನಗೆ ಪುಲಕ. ಸಾವಿರ ಎನ್ನುವುದು ನಾವು ಕೊಟ್ಟ ಹೆಸರು, ಕಣ್ಣಿಗೆ ಕಾಣುವುದು ರಾಶಿ ಮಾತ್ರ. ಎಂಥ ತತ್ವಜ್ಞಾನಿ ಎಂದುಕೊಂಡೆ. ಅಷ್ಟರಲ್ಲಿ ಅವನೇ ಬಿಡಿಸಿ ಹೇಳಿದ: "ಬೆಟ್ಟೆ ಅಲ್ಲ, ರಾಶಿ. ನಮ್ಮ ಮನೆಯದಕ್ಕಿಂತ ಬಣ್ಣ ಕಡಿಮೆ."

ಬೆಳೆಗಾರರು ಆಗಲೇ ನಗುತ್ತಿದ್ದೀರಿ. ಉಳಿದವರಿಗೆ ಹೇಳುತ್ತೇನೆ: ಶಿವಮೊಗ್ಗದ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಯನ್ನು ವಿಂಗಡಿಸುತ್ತಾರೆ. ಹುಡುಗ ನನ್ನ ಸಾವಿರವನ್ನು ನೋಡಲೇ ಇಲ್ಲ. ಅವನು ನೋಡಿದ್ದು ಅಡಿಕೆಯನ್ನು. ಬಣ್ಣ, ವಾಸನೆ, ದರ್ಜೆ ಎಲ್ಲವೂ ಅವನೊಡನೆ ಮಾತನಾಡಿದವು. ಸಂಖ್ಯೆಯೊಂದೇ ಬಾಯಿ ಮುಚ್ಚಿಕೊಂಡು ಮೂಟೆಯ ತಳದಲ್ಲಿ ಕುಳಿತಿತ್ತು. ತಪ್ಪು ಅವನದಲ್ಲ. ಅಡಿಕೆ ಚಪ್ಪರದ ಕೆಳಗೆ ಬೆಳೆದ ಮಗು ಅಡಿಕೆಯನ್ನು ಸುಮ್ಮನೆ ಒಂದು ಬಿಡಿ ಎಂದು ಎಣಿಸುವುದಾದರೂ ಹೇಗೆ?

ಈಗ ಈ ಮೇಜಿನ ಮೇಲಿರುವುದನ್ನು ನೋಡಿ. ಇದು ಒಂದು ಮಣಿ. ಹತ್ತು ಮಣಿಗಳನ್ನು ತಂತಿಗೆ ಪೋಣಿಸಿದರೆ ಈ ಕಡ್ಡಿ. ಅಂಥ ಹತ್ತು ಕಡ್ಡಿಗಳನ್ನು ಅಕ್ಕಪಕ್ಕ ಜೋಡಿಸಿದರೆ ನೂರರ ಚೌಕ. ಹತ್ತು ಚೌಕಗಳನ್ನು ಒಂದರ ಮೇಲೊಂದು ಪೇರಿಸಿದರೆ ಸಾವಿರದ ಘನ. ಚುಕ್ಕಿ, ಗೆರೆ, ಚೌಕ, ಘನ. ಎಲ್ಲ ಮಣಿಗಳೂ ಒಂದೇ ಬಣ್ಣ, ಒಂದೇ ಗಾತ್ರ. ಇವುಗಳಲ್ಲಿ ಮೂಸಲು ಏನೂ ಇಲ್ಲ. ಬೇಸರ ಬರುವಷ್ಟು ಒಂದೇ ತೆರನಾಗಿವೆ, ಅದೇ ಇವುಗಳ ಗುಣ. ನಾಲ್ಕು ವರ್ಷದ ಮಗುವಿನ ಒಂದು ಕೈಗೆ ಬಿಡಿ ಮಣಿ ಕೊಟ್ಟು ಇನ್ನೊಂದು ಕೈಗೆ ಸಾವಿರದ ಘನ ಕೊಟ್ಟರೆ ಆ ಕೈ ತಟಕ್ಕನೆ ಕೆಳಗಿಳಿಯುತ್ತದೆ. ಅದಕ್ಕೆ ಅರ್ಥ ಹೇಳಬೇಕಾಗಿಲ್ಲ. ನನ್ನ ಅಡಿಕೆಯ ಮೂಟೆ ಹತ್ತು ಚೀಲಕ್ಕೆ ಸಮ ಎಂದು ನಾನು ಹೇಳಬೇಕಿತ್ತು, ಮಗು ನಂಬಬೇಕಿತ್ತು. ಇಲ್ಲಿ ನಂಬುವ ಮಾತೇ ಇಲ್ಲ. ಇಟ್ಟು ನೋಡಿದರೆ ಸಾಕು.

ಇದರ ತಯಾರಿ ಇನ್ನೂ ಮುಂಚೆಯೇ ನಡೆದಿರುತ್ತದೆ. ಅಲ್ಲಿರುವ ಗುಲಾಬಿ ಗೋಪುರದಲ್ಲಿ ಹತ್ತು ಘನಗಳಿವೆ, 1 ಸೆಂಟಿಮೀಟರಿನಿಂದ 10 ಸೆಂಟಿಮೀಟರಿನವರೆಗೆ. ದೊಡ್ಡದರೊಳಗೆ ಚಿಕ್ಕ ಘನಗಳು ಸಾವಿರ ಹಿಡಿಯುತ್ತವೆ. ಮೂರು ವರ್ಷದ ಮಗುವಿಗೆ ಇದನ್ನು ಯಾರೂ ಹೇಳುವುದಿಲ್ಲ. ಅದು ಗೋಪುರ ಕಟ್ಟುತ್ತದೆ, ಕೆಡವುತ್ತದೆ, ಮತ್ತೆ ಕಟ್ಟುತ್ತದೆ. ಸಾವಿರದ ಭಾರವನ್ನು ಹೊಟ್ಟೆಗೆ ಆನಿಸಿಕೊಂಡು ಹೊತ್ತು ತರುತ್ತದೆ, ಅಷ್ಟೆ.

ಹಾಗಾದರೆ ಮಲೆನಾಡಿನ ಮಗುವಿಗೆ ನಮ್ಮ ಕಡೆಯಿಂದ ಕೊಡುವುದು ಏನೂ ಇಲ್ಲವೇ, ಎಲ್ಲವನ್ನೂ ಇಟಲಿಯಿಂದಲೇ ತರಬೇಕೇ? ಅಡಿಕೆ ಮೂಟೆಯನ್ನು ಅಟ್ಟಕ್ಕೆ ಹಾಕಿದ ಮೇಲೆ ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಕೊನೆಗೆ ತೋಚಿದ್ದು ಇಷ್ಟು: ಲೆಕ್ಕದ ವಸ್ತು ಎಲ್ಲಿಯದಾದರೂ ಸರಿ, ನಿಖರವಾಗಿರಲಿ, ಅದಕ್ಕೆ ಕೊಡುವ ಮಾತು ಮನೆಯದಾಗಿರಲಿ. ನಮ್ಮಲ್ಲಿ ಎಷ್ಟೋ ಕಡೆ ನಡೆಯುತ್ತಿರುವುದು ಇದರ ತಿರುವುಮುರುವು. ವಸ್ತುವಿನ ಜಾಗದಲ್ಲಿ ಅಳತೆ ತಪ್ಪಿದ ಪ್ಲಾಸ್ಟಿಕ್, ಮಾತಿನ ಜಾಗದಲ್ಲಿ ಕಂಠಪಾಠದ ಇಂಗ್ಲಿಷು. ಮಾಂಟೆಸ್ಸರಿ ಎಂಬ ಬೋರ್ಡನ್ನು ಯಾರು ಬೇಕಾದರೂ ತೂಗು ಹಾಕಬಹುದಾದ್ದರಿಂದ ಬೋರ್ಡು ನೋಡಿ ಏನೂ ಗೊತ್ತಾಗುವುದಿಲ್ಲ.

ಮರಿಯಾ ಮಾಂಟೆಸ್ಸರಿಯವರ ಜೀವನವನ್ನೆಲ್ಲ ಹೇಳುವುದಿಲ್ಲ. ವೈದ್ಯೆ, 1907ರ ಜನವರಿಯಲ್ಲಿ ರೋಮ್ ನಗರದ ಬಡವರ ಕೇರಿ ಸ್ಯಾನ್ ಲೊರೆಂಜೊದಲ್ಲಿ ಮೊದಲ ಮಕ್ಕಳ ಮನೆ ತೆರೆದರು. 1939ರಲ್ಲಿ ಥಿಯಸಾಫಿಕಲ್ ಸೊಸೈಟಿಯ ಕರೆಯ ಮೇಲೆ ಮದರಾಸಿನ ಅಡ್ಯಾರಿಗೆ ಬಂದರು. ಮರುವರ್ಷ ಇಟಲಿ ಯುದ್ಧಕ್ಕಿಳಿದಾಗ ಬ್ರಿಟಿಷ್ ಸರ್ಕಾರದ ಕಣ್ಣಿಗೆ ಶತ್ರುದೇಶದವರಾದರು. ಮಗ ಮಾರಿಯೊ ಅವರನ್ನು ಸೆರೆಯಲ್ಲಿಟ್ಟು, ತಾಯಿಯ 70ನೇ ಹುಟ್ಟುಹಬ್ಬಕ್ಕೆ ಬಿಡುಗಡೆ ಮಾಡಿದರು. ಮುಂದೆ ಕೆಲವು ವರ್ಷ ಕೊಡೈಕೆನಾಲಿನ ಬೆಟ್ಟದ ಮೇಲೆ ಇದ್ದರು. ಗಿಡ, ಕಲ್ಲು, ಹುಳು, ನಕ್ಷತ್ರ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡ ಒಂದೇ ಪಾಠ ಎಂಬ ಅವರ ವಿಚಾರ ಬಲಿತದ್ದು ಅಲ್ಲಿ. ನನಗೆ ಇಷ್ಟವಾದ ಸಂಗತಿ ಬೇರೆ: ಅವರು ಪಾಠ ಹೇಳುತ್ತಿದ್ದುದು ಇಟಾಲಿಯನ್ನಿನಲ್ಲಿ, ಮಾರಿಯೊ ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದರು, ಕೇಳುವವರು ತಮ್ಮ ತಮ್ಮ ಮನೆಮಾತಿಗೆ ಇಳಿಸಿಕೊಳ್ಳಬೇಕಿತ್ತು. ವಸ್ತುಗಳ ಅಳತೆಯಲ್ಲಿ ಒಂದು ಕೂದಲೆಳೆಯಷ್ಟು ಬಿಟ್ಟುಕೊಡದ ಹೆಂಗಸು ಭಾಷೆಯ ವಿಷಯದಲ್ಲಿ ಹೀಗೆ ಎರಡು ಹೊಳೆ ದಾಟಿಕೊಂಡೇ ಪಾಠ ಮಾಡಿದರು.

ಈಗ ಮನೆಮಾತಿನ ಕೆಲಸ ನೋಡೋಣ. ಈ ಕೆಂಪು ನೀಲಿ ಕೋಲುಗಳು ಹತ್ತು. ಮೊದಲನೆಯದು 10 ಸೆಂಟಿಮೀಟರ್, ಕೊನೆಯದು ಸರಿಯಾಗಿ 1 ಮೀಟರ್. ಮಗು ಎಣಿಕೆ ಕಲಿಯುವುದು ಇವುಗಳಿಂದ. ಮೂರು ಎಂದರೆ ಮೂರು ಬಿಡಿ ಸಾಮಾನಲ್ಲ, ಮೂರು ತುಂಡುಗಳಿರುವ ಒಂದು ಕೋಲು, ಒಂದೇ ಸಲ ಕೈಗೆ ಸಿಗುವ ಮೂರು. ಹತ್ತನೆಯ ಕೋಲನ್ನು ತರಲು ಮಗು ಎರಡೂ ಕೈಗಳನ್ನು ಚಾಚಿ ತುದಿಗಳನ್ನು ಹಿಡಿಯಬೇಕು. ನಾಲ್ಕು ವರ್ಷದ ಮಗುವಿನ ಎತ್ತರ ಒಂದು ಮೀಟರಿನ ಆಸುಪಾಸು. ಚಾಚಿದ ತೋಳುಗಳ ಅಗಲವೂ ಹೆಚ್ಚುಕಡಿಮೆ ಅಷ್ಟೇ. ಅದಕ್ಕೆ ಕನ್ನಡದಲ್ಲಿ ಹೆಸರಿದೆ: ಮಾರು. ಹತ್ತು ಎಂದರೆ ನನ್ನ ಒಂದು ಮಾರು! ಗೇಣು, ಮೊಳ, ಮಾರು ಎಲ್ಲವೂ ಮೈಯಲ್ಲೇ ಇವೆ. ಒಬ್ಬಳು ಹುಡುಗಿ ಅಮ್ಮನ ಜೊತೆ ಸಂತೆಗೆ ಹೋಗಿ ಬಂದವಳು, ಹೂವಿನವಳ ಮೊಳ ಚಿಕ್ಕದು, ಅಮ್ಮನ ಮೊಳ ದೊಡ್ಡದು, ಅದಕ್ಕೇ ದಿನಾ ಜಗಳ ಎಂದು ವರದಿ ಒಪ್ಪಿಸಿದಳು. ಕೋಲು ಏಕೆ ಬೇಕು ಎಂಬುದಕ್ಕೆ ನನ್ನ ತರಬೇತಿಯಲ್ಲಿ ಯಾರೂ ಇಷ್ಟು ಚೆನ್ನಾಗಿ ಉತ್ತರ ಕೊಟ್ಟಿರಲಿಲ್ಲ.

ಸೊನ್ನೆಗೆ ಬರೋಣ. ಕದಿರು ಪೆಟ್ಟಿಗೆ ಎಂದು ಒಂದಿದೆ. 0ಯಿಂದ 9ರವರೆಗೆ ಹತ್ತು ಗೂಡುಗಳು, 45 ಮರದ ಕದಿರುಗಳು, ಅಂದರೆ ನೂಲುವ ಕದಿರಿನಂಥ ಕಡ್ಡಿಗಳು. ಒಂದರ ಗೂಡಿಗೆ ಒಂದು, ಎರಡರ ಗೂಡಿಗೆ ಎರಡು, ಹೀಗೆ ತುಂಬಿಸಿದರೆ ಒಂಬತ್ತರ ಗೂಡು ತುಂಬುವ ಹೊತ್ತಿಗೆ ಕೈ ಖಾಲಿಯಾಗಬೇಕು. ಒಂದು ಉಳಿದರೂ ಒಂದು ಕಡಿಮೆಯಾದರೂ ತಪ್ಪು ಎಲ್ಲೋ ಆಗಿದೆ. ಕೆಂಪು ಶಾಯಿಯ ಟೀಚರು ಬೇಕಾಗಿಲ್ಲ, ಪೆಟ್ಟಿಗೆಯೇ ಹೇಳುತ್ತದೆ. ಸೊನ್ನೆಯ ಗೂಡಿಗೆ ಏನೂ ಇಲ್ಲ. ದೊಡ್ಡವರಿಗೆ ಇದು ಸಹಜ, ಮಕ್ಕಳಿಗೆ ದೊಡ್ಡ ಅನ್ಯಾಯ. ಪಾಪ, ಅದಕ್ಕೂ ಒಂದು ಹಾಕೋಣ ಎಂದು ಗೋಗರೆದವರಿದ್ದಾರೆ. ಇಲ್ಲಿ ನನ್ನ ಸಹಾಯಕ್ಕೆ ಬಂದದ್ದು ಚೆನ್ನೆಮಣೆ. ಎರಡು ಸಾಲು, ಸಾಲಿಗೆ ಏಳು ಗುಳಿ, ಹುಣಸೆ ಬೀಜ. ಆಷಾಢದ ಮಳೆಯಲ್ಲಿ ಹೊರಗೆ ಕಾಲಿಡಲಾಗದೆ ಅಜ್ಜಿಯೊಡನೆ ಆಡಿದ ಮಗುವಿಗೆ ಖಾಲಿ ಗುಳಿ ಎಂದರೆ ಏನೆಂದು ಗೊತ್ತು. ಕಾಳು ಹಂಚುತ್ತ ಹೋಗಿ ಖಾಲಿ ಗುಳಿ ಎದುರಾದರೆ ಅದನ್ನು ಕೈಯಿಂದ ಸಾರಿಸಿ, ಆಚೆಯ ಗುಳಿಯಲ್ಲಿರುವುದನ್ನೆಲ್ಲ ಬಾಚಿಕೊಳ್ಳುತ್ತಾರೆ. ಅಂದರೆ ಏನೂ ಇಲ್ಲದ ಗುಳಿ ಆಟದಲ್ಲಿ ಕೆಲಸ ಮಾಡುತ್ತದೆ. ಅದಕ್ಕೊಂದು ಜಾಗವಿದೆ, ಗತ್ತಿದೆ. ಚೆನ್ನೆಮಣೆ ಆಡಿದ ಮಕ್ಕಳು ಕದಿರು ಪೆಟ್ಟಿಗೆಯ ಸೊನ್ನೆಗೆ ಮರುಗುವುದಿಲ್ಲ.

ಇನ್ನು ಸಂಖ್ಯೆಗಳ ಹೆಸರು. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಮ್ಮ ಮನೆಯ ಹಿತ್ತಿಲಲ್ಲೇ ಇರುವ ಗಿಡ ಇದು. ಹನ್ನೊಂದರಿಂದ ಹತ್ತೊಂಬತ್ತರವರೆಗೆ ಕಲಿಸಲು ಸೆಗ್ವಿನ್ ಹಲಗೆ ಬಳಸುತ್ತೇವೆ. ಸೆಗ್ವಿನ್ ಎಂಬವರು ಫ್ರಾನ್ಸಿನ ವೈದ್ಯರು, ಮಾಂಟೆಸ್ಸರಿ ತಮ್ಮ ಕೆಲಸಕ್ಕೆ ಅಡಿಪಾಯ ಎಂದು ನೆನೆದವರು. ಹಲಗೆಯ ಮೇಲೆ 10 ಎಂದು ಒಂದರ ಕೆಳಗೊಂದು ಬರೆದಿದೆ. ಮಗು ಸೊನ್ನೆಯ ಮೇಲೆ 1ರ ಪಟ್ಟಿಯನ್ನು ಸರಿಸಿದರೆ 11. ಪಕ್ಕದಲ್ಲಿ ಹತ್ತರ ಕಡ್ಡಿ ಒಂದು, ಬಿಡಿ ಮಣಿ ಒಂದು. ಈಗ ಬಾಯಿಬಿಟ್ಟು ಹೇಳಿ: ಹನ್ನೊಂದು. ಹತ್ತು, ಒಂದು. ಕೈ ಮಾಡಿದ್ದನ್ನೇ ಬಾಯಿ ಹೇಳುತ್ತಿದೆ. ಹನ್ನೆರಡು, ಹದಿಮೂರು, ಹದಿನಾಲ್ಕು. ಮೊದಲು ಹತ್ತು, ಆಮೇಲೆ ಬಿಡಿ, ಬರೆಯುವ ಕ್ರಮದಲ್ಲೇ ನುಡಿಯುವ ಕ್ರಮ. ಇಂಗ್ಲಿಷಿನ ಇಲೆವೆನ್, ಟ್ವೆಲ್ವ್ ಎಂಬ ಹೆಸರುಗಳ ಒಳಗೆ ಹತ್ತು ಎಲ್ಲಿದೆ ಎಂದು ಮಗು ಹುಡುಕಿದರೆ ಸಿಗುವುದಿಲ್ಲ. ಥರ್ಟೀನ್ ಎನ್ನುವಾಗ ಮೂರು ಮೊದಲು ಬರುತ್ತದೆ, ಬರೆಯುವಾಗ ಕೊನೆಗೆ. ಥರ್ಟೀನ್, ಥರ್ಟಿ ಎರಡನ್ನೂ ಮಕ್ಕಳು ಕಲಸುವುದು ನಿಮಗೆ ಗೊತ್ತು. ನಮ್ಮಲ್ಲಿ ಹದಿಮೂರು ಎಂದರೆ ಹತ್ತು ಮತ್ತು ಮೂರು, ಮೂವತ್ತು ಎಂದರೆ ಮೂರು ಹತ್ತು. ಕಲಸಲು ಸಾಧ್ಯವೇ? ಹಳಗನ್ನಡದ ಪತ್ತು ಎಂಬುದು ಇಪ್ಪತ್ತರಲ್ಲಿ, ಎಪ್ಪತ್ತರಲ್ಲಿ ಇನ್ನೂ ಉಸಿರಾಡುತ್ತಿದೆ. ತೊಂಬತ್ತು ಮಾತ್ರ ಮೊಂಡ. ಅದರ ತಲೆಯಲ್ಲಿ ಒಂಬತ್ತನ್ನು ಕಾಣಿಸಲು ನಾನೂ ಒದ್ದಾಡಿದ್ದೇನೆ. ಒಂದು ಸಂಖ್ಯೆ ಹಾಗಿದ್ದರೆ ಇರಲಿ ಬಿಡಿ.

ಈ ಮಾತು ಹೇಳಿದಾಗಲೆಲ್ಲ ಯಾರಾದರೂ, ಅಂದರೆ ಇಂಗ್ಲಿಷ್ ಬೇಡವೇ ಎನ್ನುತ್ತಾರೆ. ಬೇಡ ಎಂದು ನಾನು ಹೇಳಿಲ್ಲ. ಹದಿಮೂರರ ಒಳಗು ಗೊತ್ತಿರುವ ಮಗುವಿಗೆ ಥರ್ಟೀನ್ ಎನ್ನುವುದು ಹೊಸ ಹೆಸರು ಮಾತ್ರ, ಒಂದು ವಾರದ ಕೆಲಸ. ಒಳಗು ಗೊತ್ತಿಲ್ಲದೆ ಹೆಸರು ಮಾತ್ರ ಗೊತ್ತಿರುವ ಮಗುವಿಗೆ ಎರಡನೇ ತರಗತಿಯವರೆಗೂ ಅದೇ ಕೆಲಸ.

ಕೂಡುವ ಆಟ ನಮ್ಮಲ್ಲಿ ಹೀಗೆ ನಡೆಯುತ್ತದೆ. ಮೂರು ಮಕ್ಕಳು ಮೂರು ತಟ್ಟೆ ಹಿಡಿದು ಬ್ಯಾಂಕಿಗೆ ಹೋಗುತ್ತಾರೆ. ಬ್ಯಾಂಕ್ ಎಂದರೆ ಮೂಲೆಯ ಚಾಪೆ, ಮ್ಯಾನೇಜರಿಗೆ ಐದೂವರೆ ವರ್ಷ. ಒಬ್ಬ 2,314 ತರುತ್ತಾನೆ, ಇನ್ನೊಬ್ಬಳು 1,253, ಮತ್ತೊಬ್ಬ 3,126. ತಂದ ಮಣಿಗಳನ್ನೆಲ್ಲ ಬಟ್ಟೆಯ ಮೇಲೆ ಸುರಿದು, ಬಟ್ಟೆಯ ನಾಲ್ಕು ಮೂಲೆ ಹಿಡಿದು ಒಮ್ಮೆ ಕುಲುಕುತ್ತಾರೆ. ಕೂಡುವುದು ಎಂದರೆ ಇದು. ಬಿಡಿಗಳು ಹದಿಮೂರಾದರೆ ಹತ್ತನ್ನು ಬ್ಯಾಂಕಿಗೆ ಕೊಟ್ಟು ಒಂದು ಕಡ್ಡಿ ತರುತ್ತಾರೆ. ಕಳೆಯುವಾಗ ಇದರ ತಿರುವು. ನಾವೆಲ್ಲ ಶಾಲೆಯಲ್ಲಿ ಪಕ್ಕದ ಮನೆಯಿಂದ ಸಾಲ ತಂದವರು, ಅಲ್ಲವೇ? ಒಬ್ಬ ಹುಡುಗ ಅಣ್ಣನ ಲೆಕ್ಕದ ಪುಸ್ತಕ ನೋಡಿ ಬಂದು ನನ್ನನ್ನು ಕೇಳಿದ: "ಆ ಸಾಲವನ್ನು ವಾಪಸ್ ಕೊಡುವುದು ಯಾವಾಗ?" ನನ್ನ ಬಳಿ ಉತ್ತರ ಇರಲಿಲ್ಲ. ನಲವತ್ತು ವರ್ಷಗಳಿಂದ ನಾನೂ ಕೊಟ್ಟಿಲ್ಲ. ಮಣಿಗಳಲ್ಲಿ ಸಾಲವೇ ಇಲ್ಲ, ಇರುವುದು ಚಿಲ್ಲರೆ. ನೂರರ ನೋಟು ಕೊಟ್ಟು ಹತ್ತರ ಹತ್ತು ನೋಟು ಪಡೆಯುವುದು ಬಸ್ಸಿನ ಕಂಡಕ್ಟರಿಗೂ ಗೊತ್ತು, ಪಕ್ಕದಲ್ಲಿ ಕುಳಿತ ಮಗುವಿಗೂ ಗೊತ್ತು. ಅಂದಿನಿಂದ ನಮ್ಮಲ್ಲಿ ಸಾಲ ಎಂಬ ಶಬ್ದ ನಿಷಿದ್ಧ.

ಕೂಡುವ ಆಟದ ಕೊನೆಯಲ್ಲಿ ಒಂದು ಸಲ ಜಗಳವಾಯಿತು. ತನ್ನ ಮಣಿಗಳನ್ನು ವಾಪಸ್ ಕೊಡು ಎಂದು ಹುಡುಗಿ ಪಟ್ಟು ಹಿಡಿದಳು. ಎಲ್ಲವೂ ಒಂದೇ ತರಹ, ಅವಳವು ಯಾವುವು ಎಂದು ಹುಡುಕುವುದು ಹೇಗೆ? ಆ ವಾರ ಭೂಪಟದ ಕೆಲಸವೂ ನಡೆದಿತ್ತು, ಜೇಡಿಮಣ್ಣಿನ ತಟ್ಟೆಯಲ್ಲಿ ಎರಡು ಹೊಳೆ ಕೊರೆದಿದ್ದೆವು. ಶಿವಮೊಗ್ಗದಿಂದ ಹದಿನೈದು ಕಿಲೋಮೀಟರಿನ ಆಸುಪಾಸಿನಲ್ಲಿ ತುಂಗೆ ಮತ್ತು ಭದ್ರೆ ಸೇರುವ ಊರಿಗೆ ಕೂಡಲಿ ಎಂದೇ ಹೆಸರು. ಒಂದು ಕಡೆಯಿಂದ ಒಬ್ಬ ನೀರು ಸುರಿದ, ಇನ್ನೊಂದು ಕಡೆಯಿಂದ ಇವಳು ಸುರಿದಳು. "ಈಗ ನಿನ್ನ ನೀರು ಯಾವುದು?" ಎಂದೆ. ಬಹಳ ಹೊತ್ತು ನೋಡಿದಳು. "ಎರಡೂ ಸೇರಿ ತುಂಗಭದ್ರಾ" ಎಂದಳು. ಆಮೇಲೆ ಬಟ್ಟೆಯ ಹತ್ತಿರ ಹೋಗಿ ಮಣಿ ಎಣಿಸಲು ಕುಳಿತಳು. ಕೂಡು ಎಂಬ ಕ್ರಿಯಾಪದ ಲೆಕ್ಕದಲ್ಲೂ ಹೊಳೆಯಲ್ಲೂ ಒಂದೇ ಎಂದು ನಾನು ಹೇಳಿಕೊಟ್ಟಿರಲಿಲ್ಲ, ನನಗೇ ಅದುವರೆಗೆ ಹೊಳೆದಿರಲಿಲ್ಲ. ಆ್ಯಡ್ ಎಂದು ಕಲಿಸಿದ್ದರೆ ಆ ಮಧ್ಯಾಹ್ನ ನಡೆಯುತ್ತಿರಲಿಲ್ಲ.

ಮಾಂಟೆಸ್ಸರಿಯಲ್ಲಿ ಭೂಗೋಳ, ಗಿಡಮರ, ಪ್ರಾಣಿ, ಹಬ್ಬ ಎಲ್ಲವನ್ನೂ ಸೇರಿಸಿ ಸಂಸ್ಕೃತಿಯ ಪಾಠ ಎನ್ನುತ್ತೇವೆ. ಇಲ್ಲಿ ನನ್ನ ಮಾತು ಲೆಕ್ಕದ ವಿಷಯದಲ್ಲಿ ಹೇಳಿದ್ದಕ್ಕೆ ಉಲ್ಟಾ ಎಂದು ನಿಮಗೆ ಅನ್ನಿಸಬಹುದು. ಇಲ್ಲಿ ಅಡಿಕೆ ಅಡಿಕೆಯಾಗಿಯೇ ಬರಬೇಕು, ವಾಸನೆ ಸಮೇತ. ಅಟ್ಟದ ಮೂಟೆಯನ್ನು ಇಳಿಸಿದ್ದು ಈ ಕೆಲಸಕ್ಕೇ. ಮೊದಲ ದಿನ ದರ್ಜೆ ಹೇಳಿದ ಆ ಹುಡುಗ ಉಳಿದವರಿಗೆ ವಿಂಗಡಿಸಲು ಕಲಿಸಿದ.

ಮಾಂಟೆಸ್ಸರಿ ಕ್ರಮದಲ್ಲಿ ಮೊದಲು ಬರುವುದು ಭೂಗೋಲ, ಅಂದರೆ ಗ್ಲೋಬು, ಊರಲ್ಲ. ನೆಲಕ್ಕೆ ಮರಳು ಕಾಗದ, ನೀರಿಗೆ ನುಣುಪು ಬಣ್ಣ; ಬೆರಳಿಗೆ ತಿಳಿಯುವ ಭೂಮಿ. ಹತ್ತಿರದಿಂದ ದೂರಕ್ಕೆ ಹೋಗಬೇಕು ಎಂಬ ನಮ್ಮ ರೂಢಿಗೆ ಇದು ವಿರುದ್ಧ, ಮೊದಮೊದಲು ನನಗೂ ಒಪ್ಪಿಗೆಯಾಗಲಿಲ್ಲ. ಆದರೆ ಮಗು ಚಂದ್ರನನ್ನು ನೋಡುವ ಮುಂಚೆ ಬೀದಿಯ ದೀಪಗಳನ್ನೆಲ್ಲ ನೋಡಿ ಮುಗಿಸಿರುವುದಿಲ್ಲವಲ್ಲ. ಭೂಗೋಲ ಆದ ಮೇಲೆ ನೆಲ ನೀರಿನ ತಟ್ಟೆಗಳು. ದ್ವೀಪ ಮತ್ತು ಸರೋವರ ಜೋಡಿ: ಒಂದರಲ್ಲಿ ನೀರಿನ ನಡುವೆ ನೆಲ, ಇನ್ನೊಂದರಲ್ಲಿ ನೆಲದ ನಡುವೆ ನೀರು. ದ್ವೀಪಕ್ಕೆ ನಮ್ಮ ಮಕ್ಕಳು ಮಂಡಗದ್ದೆ ಎನ್ನುತ್ತಾರೆ. ತೀರ್ಥಹಳ್ಳಿ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಕಾಣುವ, ತುಂಗೆಯ ನಡುವೆ ಮಳೆಗಾಲದಲ್ಲಿ ಹಕ್ಕಿಗಳು ಗೂಡು ಕಟ್ಟುವ ಆ ನಡುಗಡ್ಡೆ.

ಪರ್ಯಾಯ ದ್ವೀಪದ ಕಥೆಯೇ ಬೇರೆ. ಲಿಂಗನಮಕ್ಕಿ ಹಿನ್ನೀರಿನ ಆಚೆಯ ತುಮರಿ, ಸಿಗಂದೂರಿನ ಸೀಮೆಯನ್ನು ಎಲ್ಲರೂ ದ್ವೀಪ ಎನ್ನುತ್ತಾರೆ. ಲಾಂಚಿನಲ್ಲಿ ದಾಟಿದವರಿಗೆ ಹಾಗೆಯೇ ಕಾಣುತ್ತಿತ್ತು. 2025ರ ಜುಲೈಯಲ್ಲಿ ಸೇತುವೆ ತೆರೆಯಿತು. ನಾನೂ ತಟ್ಟೆಯ ನಡುವೆ ಮಣ್ಣಿನ ಮುದ್ದೆ ಇಟ್ಟು "ಇದು ತುಮರಿ" ಎಂದೆ. ಒಬ್ಬಳು ತಕರಾರು ತೆಗೆದಳು. ಸೇತುವೆ ಆಗುವ ಮುಂಚೆಯೇ ಅವಳ ಮನೆಯವರು ನಿಟ್ಟೂರಿನ ಕಡೆಯಿಂದ ಸುತ್ತಿಕೊಂಡು, ನೀರನ್ನೇ ದಾಟದೆ ಅಲ್ಲಿಗೆ ಹೋಗಿದ್ದರಂತೆ. ನೀರು ಮೂರು ಕಡೆ, ನೆಲ ಒಂದು ಕಡೆ. ಮುದ್ದೆಯನ್ನು ಎಳೆದು ತಟ್ಟೆಯ ಅಂಚಿಗೆ ಅಂಟಿಸಿದಳು. ಪರ್ಯಾಯ ದ್ವೀಪ ಎಂಬ ಮಾತು ಅವಳ ನಾಲಿಗೆಗೆ ಭಾರವಾಯಿತು. "ಮುಕ್ಕಾಲು ದ್ವೀಪ" ಎಂದಳು. ಇಡೀ ಹೆಸರಿನಲ್ಲಿ ಲೆಕ್ಕವೂ ಇದೆ, ಭೂಗೋಳವೂ ಇದೆ. ಪಠ್ಯಪುಸ್ತಕದವರಿಗೆ ನನ್ನ ಶಿಫಾರಸು.

ಅದೇ ತಟ್ಟೆಯನ್ನು ಒಂದು ದಿನ ಮಗುವೊಂದರ ಮುತ್ತಜ್ಜಿ ನೋಡಿದರು. ಮೊಮ್ಮಗಳ ಮಗನನ್ನು ಕರೆದೊಯ್ಯಲು ಬಂದವರು ಜಗಲಿಯಲ್ಲಿ ಕುಳಿತಿದ್ದರು. ಮಕ್ಕಳು ಮಣ್ಣಿನ ಮೇಲೆ ನೀರು ಹೊಯ್ಯುತ್ತಿದ್ದರು, ನೀರು ಏರುತ್ತಿತ್ತು. ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೂ ಮುಂಚೆ ಅಲ್ಲಿ ದ್ವೀಪವೂ ಇರಲಿಲ್ಲ, ಮುಕ್ಕಾಲು ದ್ವೀಪವೂ ಇರಲಿಲ್ಲ. ಗದ್ದೆ, ತೋಟ, ಗುಡ್ಡ ಇದ್ದವು. ಮುಳುಗಡೆ ಎಂಬ ಶಬ್ದವನ್ನು ಸಾಗರದ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುತ್ತಜ್ಜಿ ತಟ್ಟೆಯ ಹತ್ತಿರ ಬಂದು, ನೀರಿನೊಳಗೆ ಬೆರಳು ಅದ್ದಿ, ತಳದ ಒಂದು ಜಾಗ ಮುಟ್ಟಿ "ನಮ್ಮ ಮನೆ ಇಲ್ಲಿ" ಎಂದರು. ಮಕ್ಕಳು ಅತ್ತಿತ್ತ ನೋಡಿದರು. ಒಬ್ಬ ಹೋಗಿ ಒಂದು ಚಿಕ್ಕ ಗುಲಾಬಿ ಘನ ತಂದು ಆ ಜಾಗದಲ್ಲಿ ಮುಳುಗಿಸಿಟ್ಟ. ಗೋಪುರದ ಘನವನ್ನು ನೀರಿಗೆ ಹಾಕಬಾರದು ಎಂಬುದು ನಮ್ಮ ನಿಯಮ. ಆ ದಿನ ನಾನು ಏನೂ ಹೇಳಲಿಲ್ಲ. ಅದರ ಬಣ್ಣ ಸ್ವಲ್ಪ ಎದ್ದಿದೆ, ಆಮೇಲೆ ನೋಡಿ.

ಮಳೆಯ ಪಾಠ ಹೇಳಿ ಮುಗಿಸುತ್ತೇನೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಮಕ್ಕಳಿಗೆ ಈ ಅಂಕಿ ಹೇಳಿ ಪ್ರಯೋಜನವಿಲ್ಲ, ನಿಜ ಹೇಳಬೇಕೆಂದರೆ ದೊಡ್ಡವರಿಗೂ ಇಲ್ಲ. ಆದರೆ 7,000 ಮಿಲಿಮೀಟರ್ ಎಂದರೆ ಏಳು ಮೀಟರ್, ಅಂದರೆ ಹತ್ತನೆಯ ಕೋಲು ಏಳು ಸಲ. ಜಗಲಿಯ ಮೇಲೆ ಕೋಲು ಇಟ್ಟು ಸುಣ್ಣದ ಕಡ್ಡಿಯಿಂದ ಗುರುತು ಹಾಕಿ, ಮತ್ತೆ ಇಟ್ಟು, ಏಳು ಸಲ ಹೋದೆವು. ಜಗಲಿ ಮುಗಿದು ಮೆಟ್ಟಿಲಿಳಿದು ಅಂಗಳಕ್ಕೆ ಬಂದೆವು. ಶಿವಮೊಗ್ಗ ಪೇಟೆಯ ಮಳೆ ಎಷ್ಟು? ಹೆಚ್ಚುಕಡಿಮೆ ಒಂದೇ ಕೋಲು. ನಡುವೆ ನೂರು ಕಿಲೋಮೀಟರ್ ದಾರಿಯೂ ಇಲ್ಲ. ಮೋಡಗಳು ಘಟ್ಟ ಹತ್ತುವಾಗ ಹೊರೆ ಇಳಿಸಿಬಿಡುತ್ತವೆ, ಇಲ್ಲಿಗೆ ಬರುವಾಗ ಹಗುರ ಎಂದೆ. "ಆಗುಂಬೆಯ ನೀರು ನಿಂತುಬಿಟ್ಟರೆ ತೆಂಗಿನಮರದ ಅರ್ಧಕ್ಕೆ ಬರುತ್ತದೆಯೇ?" ಎಂದು ಕೇಳಿದರು. ಅಂಗಳದ ಮರವನ್ನು ನೋಡಿ, ಸುಮಾರು ಹಾಗೆಯೇ ಎಂದೆ.

ಹುಟ್ಟುಹಬ್ಬದ ದಿನ ನಡುವೆ ದೀಪ ಇಟ್ಟು, ಮಗು ಭೂಗೋಲ ಹಿಡಿದು ಎಷ್ಟು ವರ್ಷವೋ ಅಷ್ಟು ಸುತ್ತು ಬರುವುದು ಎಲ್ಲ ಮಾಂಟೆಸ್ಸರಿ ಮನೆಗಳಲ್ಲೂ ಇದೆ. ನಮ್ಮಲ್ಲಿ ಅದಕ್ಕೆ ಅಜ್ಜಿಯರು ಒಂದು ಸೇರಿಸಿದ್ದಾರೆ. ತಾರೀಖಿನ ಜೊತೆಗೆ ಮಳೆ ನಕ್ಷತ್ರವನ್ನೂ ಹೇಳುತ್ತಾರೆ: ಇವನು ಆರಿದ್ರೆ ಮಳೆಯಲ್ಲಿ ಹುಟ್ಟಿದವನು, ಇವಳು ಪುಷ್ಯ ಮಳೆಯವಳು. ಇಪ್ಪತ್ತೇಳು ನಕ್ಷತ್ರ, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ದೀಪದ ಸುತ್ತ ಇಪ್ಪತ್ತೇಳು ಹುಣಸೆ ಬೀಜ ಇಟ್ಟಿದ್ದೇವೆ. ಸೊರಬದ ಕಡೆಯ ಒಬ್ಬ ಅಜ್ಜಿ ಆ ವೃತ್ತದ ಸುತ್ತ ಕೆಮ್ಮಣ್ಣು ಸಾರಿಸಿ, ಪುಂಡಿ ನಾರಿನ ಕುಂಚದಿಂದ ಅಕ್ಕಿ ಹಿಟ್ಟಿನಲ್ಲಿ ಹಸೆ ಚಿತ್ತಾರ ಬರೆದುಕೊಟ್ಟರು. ಸ್ಕೇಲು ಮುಟ್ಟಲಿಲ್ಲ. ನನ್ನ ರೇಖಾಗಣಿತದ ಚೌಕಟ್ಟುಗಳನ್ನು ನೋಡಿ, ಇಷ್ಟು ಸಣ್ಣದಕ್ಕೆ ಇಷ್ಟು ಸಾಮಾನೇ ಎಂದು ಮಾತ್ರ ಕೇಳಿದರು.

ಈಗ ಹಿಂದಿನ ಸಾಲಿನಿಂದ ಬಂದ ಚೀಟಿ. "ಪಕ್ಕದ ಮನೆಯ ಮಗು ನೂರರವರೆಗೆ ಬರೆಯುತ್ತದೆ, ನಮ್ಮದು ಇನ್ನೂ ಮಣಿ ಆಡುತ್ತಿದೆ." ನಿಮ್ಮ ಚಿಂತೆ ನನಗೆ ಅರ್ಥವಾಗುತ್ತದೆ, ನನ್ನ ಮಗಳ ವಿಷಯದಲ್ಲಿ ನನಗೂ ಇತ್ತು. ಒಂದು ಕೆಲಸ ಮಾಡಿ. ಎರಡೂ ಮಕ್ಕಳನ್ನು ಕೂರಿಸಿ, ಒಂದು ಪಾತ್ರೆ ಹುಣಸೆ ಬೀಜ ಕೊಟ್ಟು, ಮೂವತ್ತೆರಡು ಕೊಡು ಎನ್ನಿ. ಹತ್ತು ಹತ್ತರ ಮೂರು ಗುಂಪು ಮಾಡಿ ಎರಡು ಬಿಡಿ ಇಡುವ ಮಗು ಯಾವುದು ನೋಡಿ. ಎರಡೂ ಹಾಗೆ ಮಾಡಿದರೆ ಸಂತೋಷ, ಪಕ್ಕದ ಮನೆಯವರನ್ನು ಅಭಿನಂದಿಸಿ. ಇನ್ನೊಂದು ಮಾತು. ಮನೆಯಲ್ಲಿ ಕಲಿಸುವಾಗ ದಯವಿಟ್ಟು ಕೊನೆಯ ಪ್ರಶ್ನೆಯಿಂದ ಶುರು ಮಾಡಬೇಡಿ. ನಾವು ಮೂರು ಹೆಜ್ಜೆಯಲ್ಲಿ ಹೋಗುತ್ತೇವೆ. ಮೊದಲು "ಇದು ಏಳು", ಆಮೇಲೆ "ಏಳನ್ನು ಕೊಡು", ಎಷ್ಟೋ ಸಲ ಕೊಟ್ಟ ಮೇಲೆ "ಇದು ಯಾವುದು?" ನೆಂಟರು ಬಂದ ಕೂಡಲೇ ಮಗುವನ್ನು ನಿಲ್ಲಿಸಿ ನಾವು ಕೇಳುವುದು ಬರೀ ಮೂರನೆಯದು.

ಅಂಗನವಾಡಿಯ ಅಕ್ಕ ಒಬ್ಬರು ಖರ್ಚಿನ ಬಗ್ಗೆ ಕೇಳಿದ್ದಾರೆ. ಕೋಲುಗಳನ್ನು ಊರಿನ ಬಡಗಿ ಮಾಡಿಕೊಡುತ್ತಾರೆ, ಅಳತೆಯನ್ನು ನೀವು ನಿಂತು ನೋಡಬೇಕು. ಕದಿರು ಪೆಟ್ಟಿಗೆಗೆ ರಟ್ಟಿನ ಡಬ್ಬಗಳೂ ಒಂದೇ ಉದ್ದಕ್ಕೆ ಕತ್ತರಿಸಿದ ಬಿದಿರು ಕಡ್ಡಿಗಳೂ ಸಾಕು. ಮಣಿಗಳನ್ನು ಮಾತ್ರ ಕೊಳ್ಳಿ. ಅಡಿಕೆಯ ಕಡೆ ಹೋಗಬೇಡಿ, ಹೋದವರ ಗತಿ ಕೇಳಿದಿರಲ್ಲ. ಮಳೆಗಾಲದಲ್ಲಿ ಮರಳು ಕಾಗದದ ಅಂಕಿಗಳು ಬೂಸು ಹಿಡಿದು ಎದ್ದು ಬರುತ್ತವೆ, ಮಣಿಯ ತಂತಿ ತುಕ್ಕು ಹಿಡಿಯುತ್ತದೆ. ನಾನು ಅವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾತ್ರಿ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇನೆ. ನಮ್ಮ ಸೊನ್ನೆಗೆ ಹೊಗೆಯ ವಾಸನೆ ಇದೆ.

ಸಾಮಾನುಗಳೆಲ್ಲ ಮೇಜಿನ ಮೇಲಿವೆ, ಬಂದು ಮುಟ್ಟಿ ನೋಡಿ. ಸಾವಿರದ ಘನವನ್ನು ಎರಡೂ ಕೈಯಲ್ಲಿ ಹಿಡಿಯಿರಿ. ಕದಿರು ಪೆಟ್ಟಿಗೆಯಲ್ಲಿ 45 ಇವೆ, ಬಾಗಿಲು ಹಾಕುವ ಮುಂಚೆ ಯಾರಾದರೂ ತುಂಬಿಸಿ ತೋರಿಸಬೇಕು. ಕಳೆದ ಸಲ ಒಂಬತ್ತರ ಗೂಡಿಗೆ ಒಂದು ಕಡಿಮೆ ಬಿದ್ದು, ಕೊನೆಗೆ ಅಧ್ಯಕ್ಷತೆ ವಹಿಸಿದ್ದವರ ಜೇಬಿನಲ್ಲಿ ಸಿಕ್ಕಿತು.